ಆ ಮದುವೆ ಫೋಟೋ ದಯವಿಟ್ಟು ಅಳಿಸಿ

ಎಲ್ಲರಿಗೂ ನಮಸ್ಕಾರ ರೀ. ಚಂದ್ರಶೇಖರ ಪಾಟೀಲ ಸ್ಟೇಡಿಯಂನಲ್ಲಿ ನಮ್ಮ ಜೊತೆ ಓಡುತ್ತಿದ್ದ ಹಳೇ ಆಟಗಾರರೊಬ್ಬರ ಮೇಲೆ, ಅವರ ಹೆಂಡತಿ ಕಾಣೆಯಾದ ಕೇಸಿನಲ್ಲಿ ಈಗ ಆರೋಪ ಬಂದಿದೆ. ನಿನ್ನೆ ರಾತ್ರಿ ಯಾರೋ ಅವರ ಮದುವೆ ಫೋಟೋಗೆ ಕೆಂಪು ಗೆರೆ ಎಳೆದು ‘ಕೊಲೆಗಾರ’ ಅಂತ ಬರೆದು ಹಾಕಿದ್ದೀರಿ. ಅದರಲ್ಲಿ ಕಾಣೆಯಾದ ಅಕ್ಕನ ಮುಖವೂ ಇದೆ, ಅಲ್ವಾ? ಅವರ ಮಗಳು ಇದೇ ಗುಂಪಿನಲ್ಲಿದ್ದಾಳೆ.

7 ವರ್ಷ ಸುದ್ದಿಯೇ ಇಲ್ಲದವರು ತೀರಿಕೊಂಡಿದ್ದಾರೆ ಅಂತ ಕಾನೂನು ಭಾವಿಸಬಹುದು. ಆದರೆ ಏನಾಯಿತು, ಯಾರು ಮಾಡಿದರು ಅನ್ನುವುದು ಕೋರ್ಟಿನಲ್ಲೇ ಸಾಬೀತಾಗಬೇಕು.

ಹಾಗಂತ ಸುಮ್ನೆ ಕೂರಬೇಡಿ. ಅಕ್ಕನನ್ನು ಕೊನೆಗೆ ನೋಡಿದವರು, ಅವರ ಮೆಸೇಜ್ ಇರುವ ಹಳೇ ಮೊಬೈಲ್ ಇಟ್ಟುಕೊಂಡವರು ಠಾಣೆಗೆ ಹೋಗಿ ಹೇಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನನಗೆ ಫೋನ್ ಮಾಡಿ, ಜೊತೆಗೆ ಬರುತ್ತೇನೆ.