ಗೋಲ್ಡ್‌ಫಿಶ್ ಜೊತೆ ಸಕ್ಕರ್ ಕೊಡ್ಬೇಡಿ

ಮಾನ್ಯ ಸಂಪಾದಕರೇ,

ಹೋದ ವರ್ಷ ಮಗಳ ಹುಟ್ಟಿದಹಬ್ಬಕ್ಕೆ ಅಂತ ಇಲ್ಲೇ ಮೈಸೂರಿನ ಒಂದು ಅಂಗಡಿಯಿಂದ ಎರಡು ಒರಾಂಡಾ ತಂದ್ವಿ, ತಲೆ ಮೇಲೆ ಟೋಪಿ ಇಟ್ಟಂಗೆ ಗಡ್ಡೆ ಬೆಳೆದಿರುತ್ತಲ್ಲ ಆ ಗೋಲ್ಡ್‌ಫಿಶ್ಶು. ಗಾಜಿಗೆ ಪಾಚಿ ಕಟ್ಟಲ್ಲ ಮೇಡಂ ಅಂತ ಅಂಗಡಿಯವರು ಬಾಯಿಂದ ಗಾಜಿಗೆ ಅಂಟ್ಕೊಂಡು ಪಾಚಿ ತಿನ್ನೋ ಸಕ್ಕರ್ ಮೀನಿನ ಒಂದು ಮರೀನೂ ಕವರಿಗೆ ಹಾಕಿ ಕೊಟ್ರು. ಮೂರು ತಿಂಗಳು ಎಲ್ಲ ಚೆನ್ನಾಗಿತ್ತು, ಆಮೇಲೆ ಒಂದು ಒರಾಂಡಾ ಪಕ್ಕೇಲಿ ಕೆಂಪಗೆ ಗಾಯ ಆಗಿ ಹುರುಪೆ ಕಿತ್ತುಬಂತು, ನಾವು ಏನೋ ಕಾಯಿಲೆ ಅಂದ್ಕೊಂಡು ನೀರಿಗೆ ಕಲ್ಲುಪ್ಪು ಹಾಕ್ತಾ ಕೂತ್ವಿ. ಒಂದಿನ ರಾತ್ರಿ ಎದ್ದು ಟಾರ್ಚ್ ಬಿಟ್ಟು ನೋಡಿದ್ರೆ ಆ ಸಕ್ಕರ್ ಅದರ ಪಕ್ಕೆಗೇ ಕಚ್ಕೊಂಡಿದೆ. ತಕ್ಷಣ ಬೇರೆ ಮಾಡಿದ್ರೂ ಮೀನು ಉಳೀಲಿಲ್ಲ, ಮಗಳು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ.

ಆಮೇಲೆ ಓದಿ ತಿಳ್ಕೊಂಡಿದ್ದು ಏನಂದ್ರೆ ಗೋಲ್ಡ್‌ಫಿಶ್ ಮೈಮೇಲಿನ ಲೋಳೆ ಸಕ್ಕರಿಗೆ ರುಚಿ, ಅದು ಓಡಾಡೋದೇ ರಾತ್ರಿ ಹೊತ್ತು, ದುಂಡು ಹೊಟ್ಟೆ ಜೋಡಿ ಬಾಲದ ಒರಾಂಡಾ ಪಾಪ ಬಿಡಿಸ್ಕೊಂಡು ಓಡೋಕಾಗಲ್ಲ. ನೀರಿನ ಬಿಸೀನೂ ಹೊಂದಲ್ಲ. ಒರಾಂಡಾಗೆ 18ರಿಂದ 22 ಡಿಗ್ರಿ ಹಿತ, ಸಕ್ಕರ್, ಫೈಟರ್ ಎಲ್ಲ 24ರ ಮೇಲೆ ಬೇಕು ಅನ್ನೋವು. ಟೈಗರ್ ಬಾರ್ಬ್ ಮೀನನ್ನ ಜೊತೆಗೆ ಬಿಟ್ರೆ ಅದು ಗೋಲ್ಡ್‌ಫಿಶ್ ಬಾಲ ಕಚ್ಚಿ ಹರಿಯುತ್ತೆ, ಗಪ್ಪಿ, ನಿಯಾನ್ ಟೆಟ್ರಾ ಥರದ ಪುಟ್ಟ ಮೀನು ಬಿಟ್ರೆ ಗೋಲ್ಡ್‌ಫಿಶ್ಶೇ ನುಂಗಿಬಿಡುತ್ತೆ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ, ಗೋಲ್ಡ್‌ಫಿಶ್ಶಿಗೆ ಗೋಲ್ಡ್‌ಫಿಶ್ಶೇ ಜೋಡಿ ಅಂದ್ರೂ ಎಲ್ಲವೂ ಆಗಲ್ಲ. ಕಾಮೆಟ್, ಶುಬುಂಕಿನ್ ಉದ್ದ ಮೈ ಒಂಟಿ ಬಾಲದವು, ಬಾಣದ ಥರ ಹೋಗ್ತವೆ, ಊಟ ಹಾಕಿದ ಕ್ಷಣಕ್ಕೆ ಅವೇ ಖಾಲಿ ಮಾಡ್ತವೆ. ಒರಾಂಡಾ ಜೊತೆ ಅದರ ಥರಾನೇ ದುಂಡು ಮೈ ಜೋಡಿ ಬಾಲದ ರ್ಯುಕಿನ್ ನಡೆಯುತ್ತೆ. ಆದ್ರೆ ಬ್ಲ್ಯಾಕ್ ಮೂರ್‌ಗೆ ಕಣ್ಣು ಮಂದ, ಬಬಲ್ ಐಗೆ ಕಣ್ಣಿನ ಕೆಳಗೆ ನೀರು ತುಂಬಿದ ಚೀಲ, ಏನಾದ್ರೂ ಚೂಪಾಗಿದ್ದು ತಾಗಿದ್ರೆ ಒಡೆದೇ ಹೋಗುತ್ತೆ, ಹಂಗಾಗಿ ಇಂಥವನ್ನ ಅವುಗಳಷ್ಟೇ ನಿಧಾನ ಇರೋದರ ಜೊತೆ ಇಡೋದೇ ವಾಸಿ. ಗೋಲ್ಡ್‌ಫಿಶ್ಶಿಗೆ ಜಠರ ಅಂತ ಅಂಗನೇ ಇಲ್ಲ, ತಿಂದಿದ್ದು ನೇರ ಕರುಳಿಗೆ, ಅದಕ್ಕೇ ಸದಾ ತಿಂತಾ ಸದಾ ಗಲೀಜು ಮಾಡ್ತಾ ಇರ್ತವೆ, ನೀರಲ್ಲಿ ಮೀನಿಗೆ ವಿಷ ಆಗೋ ಅಮೋನಿಯಾ ಬೇಗ ಏರುತ್ತೆ. ಮೊದಲ ಮೀನಿಗೆ 75 ಲೀಟರ್, ಆಮೇಲೆ ತರೋ ಪ್ರತಿಯೊಂದಕ್ಕೂ ಇನ್ನೊಂದು 40 ಲೀಟರ್ ಅಂತ ಲೆಕ್ಕ ಇಟ್ಕೊಳ್ಳಿ. ದುಂಡನೆ ಬೌಲಲ್ಲಿ ಮಾರೋದನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ, ಸರಿಯಾಗಿ ನೋಡ್ಕೊಂಡ್ರೆ ಹತ್ತು ವರ್ಷ ಬದುಕೋ ಜೀವ ಅದು.

ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ, ಪ್ರತಿ ಟ್ಯಾಂಕ್ ಮೇಲೆ ಈ ಮೀನು ಯಾವುದರ ಜೊತೆ ಆಗುತ್ತೆ ಯಾವುದರ ಜೊತೆ ಆಗಲ್ಲ ಅಂತ ಕನ್ನಡದಲ್ಲಿ ಎರಡು ಸಾಲು ಬರೆದು ಅಂಟಿಸಿ. ದೊಡ್ಡದಾದ ಸಕ್ಕರನ್ನ ಗಿರಾಕಿ ತಂದ್ರೆ ವಾಪಸ್ ತಗೊಳ್ಳಿ. ಬೆರಳುದ್ದ ಇದ್ದಾಗ ಮಾರ್ತೀರಿ, ಅದು ಒಂದಡಿ ಮೀರಿ ಬೆಳೆಯುತ್ತೆ, ಎಲ್ಲಿ ಇಡೋದು ಗೊತ್ತಾಗ್ದೆ ಜನ ಕೆರೆಗೆ ಬಿಡ್ತಾರೆ, ಅಲ್ಲಿ ಮರಿ ಮಾಡಿ ನಮ್ಮ ಕೆರೆ ಮೀನುಗಳ ಊಟ ಜಾಗ ಎರಡನ್ನೂ ಕಿತ್ಕೊಳ್ಳುತ್ತೆ. ನಮ್ಮ ಮನೆ ಸಕ್ಕರ್ ಈಗ ಬೇರೆ ಟ್ಯಾಂಕಲ್ಲಿ ಒಂಟಿಯಾಗಿದೆ, ಮೂರು ಅಂಗಡೀಲಿ ಕೇಳಿದೆ, ಯಾರೂ ತಗೊಳ್ಳಲ್ಲ ಅಂದ್ರು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಮೈಸೂರು