ಆ ಪಟ್ಟಿಯಲ್ಲಿ ನನ್ನ ಮಗಳ ಹೆಸರಿದೆ: ಕ್ಯಾಲಿಫೋರ್ನಿಯಾದ ನಮ್ಮ ಸೆನೆಟರ್‌ಗೆ ಬಹಿರಂಗ ಪತ್ರ

ಮಾನ್ಯ ಸೆನೆಟರ್ ಅವರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದವಳು. ಇರುವುದು ಫ್ರೀಮಾಂಟ್‌ನಲ್ಲಿ, ಊರು ಶಿವಮೊಗ್ಗ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಹೋಗಿದೆ. ನಮ್ಮವರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ. ವಿಷಯ ಇಷ್ಟು: ಇಲ್ಲಿ ಶಾಲೆಗೆ ಬೇಕಾದ ಲಸಿಕೆಯಿಂದ ಡಾಕ್ಟರ ಚೀಟಿ ಮೇಲೆ ಸಿಗುವ ವಿನಾಯಿತಿ, ಮತ್ತು ಅದನ್ನು ಪಡೆದ ಮಕ್ಕಳ ಹೆಸರಿರುವ ರಾಜ್ಯದ ಪಟ್ಟಿ. ಕನ್ನಡದಲ್ಲಿ ಯಾಕೆ ಅನ್ನುವುದು ಈಗಲೇ ಗೊತ್ತಾಗುತ್ತದೆ.

ಈ ಸಲದ ಯುಗಾದಿ ಊಟದಲ್ಲಿ ಪರಿಚಯದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮಗಳಿಗೆ ಲಸಿಕೆಯಿಂದ ವಿನಾಯಿತಿ ಸಿಕ್ಕಿದೆಯಂತಲ್ಲ, ಆ ಡಾಕ್ಟರ ನಂಬರ್ ಕೊಡ್ತೀರಾ?" ಎಂದರು. ಮನೆಗೆಲಸದವರ ನಂಬರ್ ಕೇಳುವಷ್ಟೇ ಸಲೀಸಾಗಿ. "ಕೊಡ್ತೀನಿ, ಆದರೆ ಅವರು ಮಕ್ಕಳ ರಕ್ತದ ಕ್ಯಾನ್ಸರ್ ನೋಡೋ ಡಾಕ್ಟರು" ಎಂದೆ. ಪಾಪ, ಅವರ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

ಅವರು ಲಸಿಕೆ ವಿರೋಧಿಯೇನಲ್ಲ. ಅವರ ಮಗ ಮೈಸೂರಿನಲ್ಲಿ ಹುಟ್ಟಿದವನು. ತಾಯಿ ಕಾರ್ಡಿನಲ್ಲಿ ದಡಾರದ ಎರಡೂ ಡೋಸ್ ನಮೂದಾಗಿದೆ. ಆದರೆ ಮೊದಲನೆಯದು ಒಂಬತ್ತನೇ ತಿಂಗಳಿನದು. ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿದ್ದು ಇಲ್ಲಿನ ಶಾಲೆಗೆ ಲೆಕ್ಕಕ್ಕಿಲ್ಲ. ಸಾಲದ್ದಕ್ಕೆ ನಮ್ಮ ಸರ್ಕಾರಿ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಇದೆ, ಮಂಗನಬಾವು ಇಲ್ಲ. ಇಲ್ಲಿ ಮೂರೂ ಬೇಕು. ಮತ್ತೆ ಚುಚ್ಚಿಸುವುದಕ್ಕಿಂತ ಒಂದು ಚೀಟಿ ತರುವುದು ಸುಲಭ ಎಂದು ಅವರಿಗೆ ಯಾರೋ ಹೇಳಿದ್ದಾರೆ. ಬಾಕಿ ಇರುವ ಒಂದು ಡೋಸ್ ಹಾಕಿಸಿದರೆ ಮಗುವನ್ನು ಸೇರಿಸಿಕೊಂಡು ಮುಂದಿನದಕ್ಕೆ ಸಮಯ ಕೊಡುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಹೇಳಿಲ್ಲ.

ನನ್ನ ಮಗಳ ಕತೆ ಬೇರೆ. ಅವಳಿಗೆ ಈಗ ಆರು ವರ್ಷ. ನಾಲ್ಕೂವರೆಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಆ ಮೂರೂ ರೋಗಕ್ಕೆ ಸೇರಿಸಿ ಕೊಡುವ ಎಂಎಂಆರ್ ಲಸಿಕೆಯ ಮೊದಲ ಡೋಸ್ ಆಗಿತ್ತು, ಎರಡನೆಯದು ಬಾಕಿ. ಅದರಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಕೀಮೋ ನಡೆಯುವಾಗ ಹಾಕುವಂತಿಲ್ಲ. ಊರಲ್ಲಿ ಅಮ್ಮ ಅನ್ನುತ್ತೇವಲ್ಲ, ಆ ಚಿಕನ್‌ಪಾಕ್ಸ್ ಲಸಿಕೆಯೂ ಅಂಥದ್ದೇ. ಕೀಮೋ ಮುಗಿಯುವುದಕ್ಕೆ ಎರಡು ಎರಡೂವರೆ ವರ್ಷ ಬೇಕು. ಮುಗಿದ ಮೇಲೂ ಕೆಲವು ತಿಂಗಳು ಕಾಯಬೇಕು. ಹಿಂದೆ ಹಾಕಿಸಿದ್ದರ ರಕ್ಷಣೆಯನ್ನೂ ಕೀಮೋ ಅಳಿಸಿರಬಹುದು. ಅವಳ ಪಕ್ಕ ಕೂರುವ ಇಪ್ಪತ್ತು ಮಕ್ಕಳು ಲಸಿಕೆ ಹಾಕಿಸಿಕೊಂಡಿದ್ದಾರೆ ಅನ್ನೋ ಧೈರ್ಯದ ಮೇಲೆ ನಾನು ಅವಳನ್ನು ಶಾಲೆಗೆ ಬಿಟ್ಟು ಬರುತ್ತೇನೆ.

ಹಾಗಾಗಿ ಮೊದಲ ಮಾತು: ವಿನಾಯಿತಿಯ ಬಾಗಿಲನ್ನು ಅಗಲ ಮಾಡಬೇಡಿ. ಅಗಲವಾದಾಗ ಏನಾಯಿತು ಅನ್ನುವುದನ್ನು ಈ ರಾಜ್ಯ ನೋಡಿದೆ. 2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡ್‌ನಿಂದ ದಡಾರ ಹಬ್ಬಿತು. ಮರುವರ್ಷ ಎಸ್‌ಬಿ 277 ಕಾನೂನು ಬಂತು. 'ನಮಗೆ ಇದರಲ್ಲಿ ನಂಬಿಕೆ ಇಲ್ಲ' ಎಂದು ಬರೆದುಕೊಟ್ಟು ಲಸಿಕೆ ತಪ್ಪಿಸುವ ದಾರಿ 2016ರ ಜುಲೈನಿಂದ ಮುಚ್ಚಿತು. ಉಳಿದದ್ದು ಡಾಕ್ಟರ ಚೀಟಿ ಒಂದೇ. ಜನ ಅದಕ್ಕೇ ಮುಗಿಬಿದ್ದರು. ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಕಾಯಂ ವೈದ್ಯಕೀಯ ವಿನಾಯಿತಿ 2015-16ರಲ್ಲಿ ಶೇ. 0.2 ಇದ್ದದ್ದು 2018-19ಕ್ಕೆ ಶೇ. 0.9 ಆಯಿತು. ಮೂರು ವರ್ಷದಲ್ಲಿ ಮಕ್ಕಳ ಕಾಯಿಲೆ ನಾಲ್ಕು ಪಟ್ಟು ಜಾಸ್ತಿ ಆಯಿತಾ? ಇಲ್ಲ, ಚೀಟಿ ಜಾಸ್ತಿ ಆಯಿತು. ಅದಕ್ಕೇ ತಾನೇ 2019ರಲ್ಲಿ ಎಸ್‌ಬಿ 276 ತಂದದ್ದು? 2021ರ ಜನವರಿಯಿಂದ ವಿನಾಯಿತಿ ಬೇಕಿದ್ದರೆ ರಾಜ್ಯದ ವೆಬ್‌ಸೈಟ್ ಮೂಲಕವೇ ಹೋಗಬೇಕು. ನಾವು ಅರ್ಜಿ ಹಾಕಿ ನಂಬರ್ ಪಡೆಯಬೇಕು, ಡಾಕ್ಟರು ಕಾರಣ ತುಂಬಬೇಕು, ಅನುಮಾನ ಬಂದರೆ ರಾಜ್ಯದ ಆರೋಗ್ಯ ಇಲಾಖೆ ಅದನ್ನು ರದ್ದು ಮಾಡಬಹುದು. ಈ ಫಾರಂಗೆ ಡಾಕ್ಟರು ದುಡ್ಡು ತೆಗೆದುಕೊಳ್ಳುವಂತಿಲ್ಲ. ಇದೊಂದು ನಿಯಮಕ್ಕೆ ನನ್ನ ಕಡೆಯಿಂದ ವಿಶೇಷ ನಮಸ್ಕಾರ.

ಇನ್ನು ನನ್ನ ತಕರಾರು. ವರ್ಷಕ್ಕೆ ಐದೋ ಅದಕ್ಕಿಂತ ಹೆಚ್ಚೋ ವಿನಾಯಿತಿ ಬರೆದ ಡಾಕ್ಟರ ಚೀಟಿಗಳನ್ನು ಇಲಾಖೆ ಪರಿಶೀಲಿಸುತ್ತದೆ. ಚೀಟಿ ಮಾರುವವರನ್ನು ಹಿಡಿಯಲು ಇದು ಸರಿಯಾದ ಬಲೆ. ಆದರೆ ಮಕ್ಕಳ ಕ್ಯಾನ್ಸರ್ ಡಾಕ್ಟರಿಗೆ ಐದು ಯಾವ ಲೆಕ್ಕ? ಅವರ ಹತ್ತಿರ ಬರುವವರೆಲ್ಲ ಇಂಥ ಮಕ್ಕಳೇ. ಇದರ ಜೊತೆಗೆ ತಾತ್ಕಾಲಿಕ ವಿನಾಯಿತಿ ಒಂದು ವರ್ಷ ಮೀರುವಂತಿಲ್ಲ. ಎರಡೂವರೆ ವರ್ಷದ ಚಿಕಿತ್ಸೆ ಎಂದು ಮೊದಲ ದಿನವೇ ಗೊತ್ತಿದ್ದರೂ ಪ್ರತಿ ವರ್ಷ ಮತ್ತೆ ಅದೇ ಅರ್ಜಿ, ಅದೇ ನಂಬರ್, ಅದೇ ಓಡಾಟ. ಚಿಕಿತ್ಸೆ ಎಷ್ಟು ದಿನವೋ ವಿನಾಯಿತಿಯೂ ಅಷ್ಟು ದಿನ ಇರಲಿ. ಮುಗಿಯುವ ತಾರೀಕನ್ನು ಡಾಕ್ಟರೇ ಬರೆಯಲಿ. ಇದರಿಂದ ಕಳ್ಳಚೀಟಿಗೆ ದಾರಿ ಆಗುವುದಿಲ್ಲ, ಕೀಮೋ ದಾಖಲೆಯನ್ನು ಯಾರೂ ಸುಮ್ನೆ ಹುಟ್ಟಿಸಲಾರರು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಾನು ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಹೋದ ಚಳಿಗಾಲದಲ್ಲಿ ಮಗಳ ಕ್ಲಾಸಿನ ಒಂದು ಮಗುವಿಗೆ ಚಿಕನ್‌ಪಾಕ್ಸ್ ಬಂತು. ನಮಗೆ ತಿಳಿದದ್ದು ನಾಲ್ಕನೇ ದಿನ. ಶಾಲೆಯ ವಾರದ ಇಮೇಲ್‌ನಲ್ಲಿ, ಟೀ ಶರ್ಟ್ ಮಾರಾಟ ಮತ್ತು ಪಾರ್ಕಿಂಗ್ ಸೂಚನೆಯ ಕೆಳಗೆ, ಒಂದು ಸಾಲು. ನನ್ನ ಗಂಡ ಅದನ್ನು ರಾತ್ರಿ ಹತ್ತಕ್ಕೆ ಓದಿದರು. ಹನ್ನೊಂದಕ್ಕೆ ನಾವು ಎಮರ್ಜೆನ್ಸಿಯಲ್ಲಿದ್ದೆವು. ಚಿಕನ್‌ಪಾಕ್ಸ್‌ಗೆ ಇಂಥ ಮಕ್ಕಳಿಗೆ ಕೊಡುವ ಪ್ರತಿಕಾಯದ ಇಂಜೆಕ್ಷನ್ ಇದೆ, ಹತ್ತು ದಿನದೊಳಗೆ, ಆದಷ್ಟು ಬೇಗ ಕೊಡಬೇಕು. ಸಿಕ್ಕಿತು. ಏನೂ ಆಗಲಿಲ್ಲ.

ದಡಾರವಾದರೆ ಹತ್ತಲ್ಲ, ಆರೇ ದಿನ. ಅಷ್ಟರೊಳಗೆ ಇಮ್ಯುನೋಗ್ಲೋಬುಲಿನ್ ಎಂಬ ಪ್ರತಿಕಾಯದ ಮದ್ದು ಕೊಟ್ಟರೆ ರೋಗವನ್ನು ತಡೆಯಬಹುದು, ಇಲ್ಲವೇ ಅದರ ಜೋರನ್ನು ತಗ್ಗಿಸಬಹುದು. ಆದರೆ ದಡಾರ ಬಂದ ಮಗು ಮೈಮೇಲೆ ದದ್ದು ಏಳುವ ನಾಲ್ಕು ದಿನ ಮುಂಚೆಯೇ ಬೇರೆಯವರಿಗೆ ಹಚ್ಚಲು ಶುರು ಮಾಡುತ್ತದೆ. ಆ ಮಗು ಎದ್ದು ಹೋದ ಮೇಲೂ ವೈರಸ್ ಎರಡು ಗಂಟೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಅಂದರೆ ಇದು ದಡಾರ ಎಂದು ಡಾಕ್ಟರು ಹೇಳುವ ಹೊತ್ತಿಗೆ ನಮ್ಮ ಆರು ದಿನದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ. ಉಳಿದದ್ದು ವಾರದ ಇಮೇಲ್ ಕಾಯುವುದರಲ್ಲಿ ಹೋಗಬೇಕಾ?

ಇದು ಸುಮ್ಮನೆ ಹೆದರಿಕೆ ಅಲ್ಲ. 2025ರಲ್ಲಿ ಪಶ್ಚಿಮ ಟೆಕ್ಸಾಸ್‌ನಲ್ಲಿ ಹಬ್ಬಿದ ದಡಾರ 762 ಜನರಿಗೆ ತಗುಲಿತು. ಲಸಿಕೆ ಹಾಕಿಸದ ಇಬ್ಬರು ಮಕ್ಕಳು ತೀರಿಕೊಂಡರು, ಶಾಲೆಗೆ ಹೋಗುವ ವಯಸ್ಸಿನವರು. ಅವರಿಬ್ಬರಿಗೂ ಮುಂಚೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ.

ಸೆನೆಟರ್ ಅವರೇ, ಯಾವ ಶಾಲೆಯ ಯಾವ ಮಗುವಿಗೆ ವಿನಾಯಿತಿ ಇದೆ, ಯಾವ ಕಾರಣಕ್ಕೆ ಇದೆ ಅನ್ನುವ ಪಟ್ಟಿ ರಾಜ್ಯದ ಹತ್ತಿರ ಇದೆ. ನಾವೇ ತುಂಬಿಕೊಟ್ಟದ್ದು. ಅರ್ಜಿ ಹಾಕುವಾಗ ಶಾಲೆಯ ಹೆಸರು, ನಮ್ಮ ವಿವರ ಎಲ್ಲ ಕೊಟ್ಟಿದ್ದೇವೆ. ಆ ಪಟ್ಟಿ ಈಗ ಬಳಕೆಯಾಗುವುದು ಸುಳ್ಳು ಹೇಳಿದವರನ್ನು ಹಿಡಿಯುವುದಕ್ಕೆ. ಹಿಡಿಯಲಿ, ಬೇಡ ಅನ್ನುವುದಿಲ್ಲ. ನಿಜ ಹೇಳಿದವರನ್ನು ಎಚ್ಚರಿಸುವುದಕ್ಕೂ ಅದೇ ಪಟ್ಟಿ ಬಳಸಿ. ಶಾಲೆಯಲ್ಲಿ ದಡಾರವೋ ಚಿಕನ್‌ಪಾಕ್ಸೋ ಖಚಿತವಾದರೆ, ಆ ಶಾಲೆಯ ವಿನಾಯಿತಿ ಮಕ್ಕಳ ಮನೆಗೆ ಅವತ್ತೇ ಫೋನ್ ಹೋಗಬೇಕು. ಇಮೇಲ್ ಅಲ್ಲ, ಫೋನ್. ಇದನ್ನು ಕಾನೂನಿನಲ್ಲೇ ಬರೆಯಿಸಿ. ಮಗುವಿನ ಹೆಸರು, ಕಾಯಿಲೆ ಯಾರಿಗೂ ಗೊತ್ತಾಗಬೇಕಿಲ್ಲ. ಪಟ್ಟಿ ನೋಡಿ ಫೋನ್ ಮಾಡುವ ಕೆಲಸ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಆರೋಗ್ಯ ಇಲಾಖೆಯದಾಗಲಿ.

ಯುಗಾದಿಯಲ್ಲಿ ಕೇಳಿದವರ ಮಗನಿಗೆ ಆಮೇಲೆ ಎಂಎಂಆರ್ ಹಾಕಿಸಿದರು. ಅವರೇ ಮೆಸೇಜ್ ಮಾಡಿದ್ದರು, ತೋಳಿನ ಮೇಲಿನ ಬ್ಯಾಂಡ್‌ಏಡ್ ಫೋಟೋ ಸಮೇತ.

ನಮ್ಮ ವಿನಾಯಿತಿ ಜುಲೈ ಕೊನೆಗೆ ಮುಗಿಯುತ್ತದೆ. ಆಗಸ್ಟ್‌ನಲ್ಲಿ ಅವಳು ಒಂದನೇ ಕ್ಲಾಸು. ಹೊಸ ಅರ್ಜಿ ಹಾಕಿದ್ದೇನೆ, ನಂಬರ್ ಬಂದಿದೆ, ಡಾಕ್ಟರು ತುಂಬುವುದು ಬಾಕಿ. ಈ ವಿಷಯ ಮಾತಾಡಲು ನಿಮ್ಮ ಕಚೇರಿಯವರು ಕರೆದರೆ ಯಾವತ್ತು ಬೇಕಾದರೂ ಬರುತ್ತೇನೆ. ತಿಂಗಳ ಮೊದಲ ಮಂಗಳವಾರ ಮಾತ್ರ ಬೇಡ. ಅವತ್ತು ಅವಳಿಗೆ ಕೀಮೋ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ
ಫ್ರೀಮಾಂಟ್