ಜೂನ್ 1ರಿಂದ ಪೂಲಿಗೆ ಬಿಳಿ ಬಿಲ್ಲೆ ಇಲ್ಲ, ಹೈಪೋ

ಬದಿಯಡ್ಕ, ಮೇ 12

ಪ್ರಿಯ ಗ್ರಾಹಕರೆ,

ನಮಸ್ಕಾರ. ಜೂನ್ 1ರಿಂದ ನಿಮ್ಮ ಸ್ವಿಮ್ಮಿಂಗ್ ಪೂಲಿಗೆ ನಾವು ಬಿಳಿ ಕ್ಲೋರಿನ್ ಬಿಲ್ಲೆ ಹಾಕುವುದಿಲ್ಲ. ಅದರ ಬದಲು ದ್ರವ ಕ್ಲೋರಿನ್, ಅಂದರೆ ಅಂಗಡಿಯವರು ಹೈಪೋ ಅನ್ನುವ ಸೋಡಿಯಂ ಹೈಪೋಕ್ಲೋರೈಟ್. ತಿಂಗಳಿಗೆ ಎರಡು ಸಲ ಬರುತ್ತಿದ್ದವರು ಇನ್ನು ವಾರಕ್ಕೊಮ್ಮೆ ಬರುತ್ತೇವೆ. ತಿಂಗಳ ಚಾರ್ಜು 3,000 ಇದ್ದದ್ದು 3,800 ರೂಪಾಯಿ ಆಗುತ್ತದೆ. ಹೈಪೋ ಕ್ಯಾನಿನ ದುಡ್ಡು ಅದರಲ್ಲೇ ಬಂತು.

ಏಳು ವರ್ಷ ನಿಮಗೆ ಬಿಲ್ಲೆ ಕೊಟ್ಟವರು ನಾವೇ. ಈಗ ನಾವೇ ಬೇಡ ಅಂದರೆ ಯಾಕೆ ಅಂತ ಕೇಳುತ್ತೀರಿ, ಅಲ್ವಾ?

ಮಾರ್ಚಿನಲ್ಲಿ ನೀರ್ಚಾಲಿನ ಹತ್ತಿರದ ಒಂದು ಮನೆಯಿಂದ ಫೋನ್ ಬಂತು. "ಬಿಲ್ಲೆ ಹಾಕ್ತಾ ಇದ್ದೇವೆ, ಟೆಸ್ಟ್ ಸ್ಟ್ರಿಪ್ಪಿನಲ್ಲಿ ಕ್ಲೋರಿನ್ 3 ತೋರಿಸ್ತದೆ, ಆದ್ರೂ ನೀರು ಹಸಿರಾಗ್ತಾ ಉಂಟಲ್ಲ?" ಹೋದೆವು. ಪೂಲಿನ ನೀರಿಗೆ ಅಷ್ಟೇ ಪ್ರಮಾಣದ ಟೆಸ್ಟ್ ಮದ್ದು ಬೆರೆಸಿ ಕುಲುಕಿದೆವು. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಅದನ್ನು ತಳದಲ್ಲಿ ಕಪ್ಪು ಚುಕ್ಕೆ ಇರುವ ಟ್ಯೂಬಿಗೆ ನಿಧಾನ ಸುರಿಯಬೇಕು. ಮೇಲಿನಿಂದ ನೋಡುವಾಗ ಚುಕ್ಕೆ ಎಲ್ಲಿ ಕಾಣದಾಗುತ್ತದೋ ಅಲ್ಲಿನ ಅಂಕೆ ಓದಬೇಕು. ನೀರು ಸರಿ ಇದ್ದರೆ ಟ್ಯೂಬು ಬಹಳ ಮೇಲಿನವರೆಗೆ ತುಂಬುತ್ತದೆ. ಆ ಮನೆಯ ನೀರಿನಲ್ಲಿ ಬುಡದ ಹತ್ತಿರದ 100ರ ಗೆರೆ ಮುಟ್ಟುವ ಮೊದಲೇ ಚುಕ್ಕೆ ಮಾಯ, ಅಂದರೆ ಅಂಕೆ 100ಕ್ಕೂ ಮೇಲೆ.

ಅದು ಸಯನ್ಯೂರಿಕ್ ಆಸಿಡಿನ ಅಂಕೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಕಾಯುವ ವಸ್ತು ಇದು. 30ರಿಂದ 50 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ, ಇದ್ದರೆ ಒಳ್ಳೆಯದು. ಜಾಸ್ತಿಯಾದರೆ ಕ್ಲೋರಿನನ್ನೇ ಕಟ್ಟಿಹಾಕುತ್ತದೆ. ಸ್ಟ್ರಿಪ್ಪಿನಲ್ಲಿ ಬಣ್ಣ ಬರುತ್ತದೆ, ನೀರಿನಲ್ಲಿ ಕೆಲಸ ನಡೆಯುವುದಿಲ್ಲ. ಬಿಲ್ಲೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಆಸಿಡ್ ಆಗಿ ಉಳಿಯುತ್ತದೆ. 50,000 ಲೀಟರಿನ ಪೂಲಿಗೆ 200 ಗ್ರಾಮಿನ ಬಿಲ್ಲೆ ವಾರಕ್ಕೆ ನಾಲ್ಕು ಹಾಕಿದರೆ ತಿಂಗಳಲ್ಲಿ ಸುಮಾರು 35 ಪಿಪಿಎಂ ಏರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಕೂತಲ್ಲೇ ಕೂತಿರುತ್ತದೆ. ಫಿಲ್ಟರಿಗೂ ಸಿಗುವುದಿಲ್ಲ. ಸ್ವಲ್ಪ ನೀರು ಚೆಲ್ಲಿ ಹೊಸ ನೀರು ತುಂಬುವುದೊಂದೇ ದಾರಿ. ಹೈಪೋದಲ್ಲಿ ಈ ಆಸಿಡ್ ಇಲ್ಲ. ಈ ಲೆಕ್ಕವನ್ನು ನಾವು ಮೊದಲೇ ಹಾಕಬೇಕಿತ್ತು. ಹಾಕಲಿಲ್ಲ, ಕ್ಷಮಿಸಿ.

ಕೇರಳದಲ್ಲಿ ಎರಡು ಮೂರು ವರ್ಷದಿಂದ ಅಮೀಬಾ ಮೆದುಳು ಜ್ವರದ ಸುದ್ದಿ ನೀವೂ ಓದುತ್ತಿದ್ದೀರಿ. ಪೂಲಿಗೆ ಇಳಿಯಬಹುದಾ ಅಂತ ತುಂಬ ಜನ ಕೇಳಿದ್ದಾರೆ. ಆ ಅಮೀಬಾ ಬೆಚ್ಚಗಿನ ನೀರಿನಲ್ಲಿ ಬೆಳೆಯುತ್ತದೆ, ಮೂಗಿನ ಮೂಲಕ ಒಳಗೆ ಹೋಗುತ್ತದೆ. ನೀರು ಕುಡಿದರೆ ಬರುವ ಕಾಯಿಲೆ ಅಲ್ಲ. ಕ್ಲೋರಿನ್ ಅದನ್ನು ಕೊಲ್ಲುತ್ತದೆ, ಆದರೆ ಕಟ್ಟಿಹಾಕಿದ ಕ್ಲೋರಿನನ್ನು ನಂಬಿ ಮಕ್ಕಳನ್ನು ಇಳಿಸುವುದು ಹೇಗೆ?

ಜೂನೇ ಯಾಕೆ ಅಂದರೆ, ಈಗ ಮೇ ತಿಂಗಳಲ್ಲಿ ಪೂಲಿನ ನೀರು ಚೆಲ್ಲಿದರೆ ತುಂಬಲು ಟ್ಯಾಂಕರ್ ತರಿಸಬೇಕು. ಬಾವಿಯ ಅವಸ್ಥೆ ನಿಮಗೇ ಗೊತ್ತು. ನಮ್ಮಲ್ಲಿ ವರ್ಷಕ್ಕೆ ಮೂರು ಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದು ಪುಕ್ಕಟೆ. ಮಳೆ ಹಿಡಿದ ಮೇಲೆ ನಾವೇ ಬಂದು ಮೂರರಲ್ಲಿ ಒಂದು ಪಾಲು ನೀರು ಇಳಿಸುತ್ತೇವೆ. ಹೇಗೂ ಚೆಲ್ಲುವುದು ಅಂತ ಜುಲೈಯಲ್ಲಿ ಪೂಲನ್ನು ಪೂರ್ತಿ ಖಾಲಿ ಮಾಡಬೇಡಿ. ಆಗ ನೆಲದಡಿಯ ನೀರು ಮೇಲೆ ಬಂದಿರುತ್ತದೆ. ಒಳಗೆ ಭಾರ ಇಲ್ಲದಿದ್ದರೆ ಅದು ಪೂಲಿನ ತಳವನ್ನೇ ಎತ್ತಿ ಒಡೆಯಬಹುದು.

ಇನ್ನು ನಿಮ್ಮ ಕೆಲಸ. ದಿನಾ ಸಂಜೆ ಬಿಸಿಲು ಇಳಿದ ಮೇಲೆ, ಪಂಪ್ ಓಡುತ್ತಿರುವಾಗ, ಕ್ಯಾನಿನ ಮೇಲೆ ನಾವು ಬರೆದಷ್ಟು ಹೈಪೋ ಸುರಿಯಬೇಕು. ಶೇಕಡಾ 10ರ ಹೈಪೋ ಅರ್ಧ ಲೀಟರ್ ಹಾಕಿದರೆ 50,000 ಲೀಟರಿನಲ್ಲಿ 1 ಪಿಪಿಎಂ ಏರುತ್ತದೆ. ಕ್ಯಾನನ್ನು ನೆರಳಿನಲ್ಲಿಡಿ, ಸೆಕೆಗೆ ಶಕ್ತಿ ಇಳಿಯುತ್ತದೆ. ಆಸಿಡ್, ಟಾಯ್ಲೆಟ್ ಕ್ಲೀನರ್ ಹತ್ತಿರವೂ ಬೇಡ. ಹೈಪೋ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಉಳಿದ ಬಿಲ್ಲೆಯನ್ನು ಹೈಪೋ ಇಲ್ಲವೇ ಬ್ಲೀಚಿಂಗ್ ಪೌಡರ್ ಜೊತೆ ಒಂದೇ ಬಕೆಟಿಗೆ ಹಾಕಲೇಬೇಡಿ, ಸಿಡಿಯಬಹುದು. ಬಿಲ್ಲೆಗಳನ್ನು ನಾವು ವಾಪಸ್ ತಗೊಂಡು ಜೂನ್ ಬಿಲ್ಲಿನಲ್ಲಿ ಕಳೆಯುತ್ತೇವೆ.

ವಾಸನೆ ಜಾಸ್ತಿಯಾಗುತ್ತದಾ ಅಂತ ಕೇಳಿದವರಿಗೆ: ಮೂಗಿಗೆ ಹೊಡೆಯುವ ಪೂಲಿನ ವಾಸನೆ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದ್ದರದ್ದು. ಸ್ನಾನ ಮಾಡಿ ಇಳಿಯಿರಿ, ಅರ್ಧ ವಾಸನೆ ಅಲ್ಲೇ ಹೋಯಿತು.

ಅಡಿಕೆಗೆ ಮದ್ದು ಬಿಟ್ಟು ಉಳಿದ ಮೈಲುತುತ್ತನ್ನು ಪಾಚಿಗೆ ಅಂತ ಸುಮ್ನೆ ಪೂಲಿಗೆ ಹಾಕಿದವರೂ ಇದ್ದಾರೆ. ಪಾಚಿ ಹೋಯಿತು. ಟೈಲ್ಸ್ ಸಂದಿನ ನೀಲಿ ಕಲೆ ಮಾತ್ರ ಇನ್ನೂ ಹೋಗಿಲ್ಲ. ಹಾಗೇ ಈ ಹೈಪೋವನ್ನು ತೋಟದ ಕೆರೆಗೆ, ಮಳೆನೀರು ನಿಲ್ಲುವ ಮದಕಕ್ಕೆ ಸುರಿಯಬೇಡಿ, ಮೀನು ಉಳಿಯುವುದಿಲ್ಲ.

ನಿಮ್ಮ ಮನೆಗೆ ವಾರದ ಯಾವ ದಿನ ಅನುಕೂಲ ಅಂತ ಮೇ 25ರೊಳಗೆ ತಿಳಿಸಿ. ಹೊಸ ಚಾರ್ಜು ಒಪ್ಪಿಗೆ ಇಲ್ಲದವರು ಹೇಳಲು ಸಂಕೋಚ ಪಡಬೇಡಿ, ಮೇ ತಿಂಗಳ ಲೆಕ್ಕ ಮುಗಿಸಿ ಅಡ್ವಾನ್ಸ್ ಹಿಂದಕ್ಕೆ ಕೊಡುತ್ತೇವೆ.

ಇಂತಿ,
ನಿಮ್ಮ ಪೂಲಿನ ಹುಡುಗರು